ವರ್ಷಕ್ಕೊಂದು ಕೋಳಿ

ಸಿಸ್ಲಿ ವೇರ್ ಮನೆ ಬಿಟ್ಟು ಹೊರಡುವಾಗ ಹೊಸ್ತಿಲ ಮೇಲೆ ನಿಂತು ಒಲೆಯ ಕಡೆ ತಿರುಗಿ ನೋಡುತ್ತಿದ್ದಳು. ಬೆಂಕಿ ಇದೆ ಎಂದು ಕಣ್ಣಿಗೆ ಕಂಡ ಮೇಲೂ ಒಳಗೆ ಹೋಗಿ ಕೆಂಡ ಕೆದಕಿ, ಮೇಲೆ ಬೂದಿ ಮುಚ್ಚಿ, ಮತ್ತೆ ಬಂದು ಅದೇ ಹೊಸ್ತಿಲ ಮೇಲೆ ನಿಲ್ಲುವಳು. ತೊರೆಯಿಂದ ನೀರು ತರುವುದಕ್ಕೆ ಹೋಗಬೇಕಾದರೂ ಇಷ್ಟು ಆಗಲೇಬೇಕು. ನೋಡಿದವರು ನಗುತ್ತಿದ್ದರು. ನಾನು ನಗುತ್ತಿರಲಿಲ್ಲ. ನನ್ನ ಒಲೆಗೆ ನೀರು ಸುರಿದದ್ದನ್ನು ನಾನು ನಿಂತು ನೋಡಿದ್ದೆ.

ಅವಳು ತೀರಿಕೊಂಡ ಮೇಲೆ ಮಗಳು ಕೆಜಾಯ ಬಂದು, "ಅತ್ತೆ, ಅಮ್ಮನ ಸಂಗತಿ ಕಂಡವರು ನೀವೊಬ್ಬರೇ ಉಳಿದಿರೋದು, ಬರೆದಿಡಿ" ಎಂದಳು. ಬರೆಯುತ್ತಿದ್ದೇನೆ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ, ಕೇಳಿದ್ದಾದರೆ ಕೇಳಿದ್ದು ಎನ್ನುತ್ತೇನೆ.

ಸಿಸ್ಲಿ ಹುಟ್ಟಿದ್ದು ಇಂಗ್ಲೆಂಡಿನ ಡೆವನ್ ಸೀಮೆಯಲ್ಲಿ. ಅವಳ ಅಪ್ಪ ಊರೊಡೆಯನ ನೆಲ ಉಳುತ್ತಿದ್ದ. ಬೇರೆ ಏನು ಕೊಟ್ಟರೂ ಬಿಟ್ಟರೂ ವರ್ಷಕ್ಕೊಂದು ಕೋಳಿಯನ್ನು ಒಡೆಯನ ಮನೆಗೆ ಮುಟ್ಟಿಸಬೇಕಿತ್ತು. ಆ ಕೋಳಿ ಮುಟ್ಟಿತೆಂದರೆ ನೆಲ ಇನ್ನೊಂದು ವರ್ಷಕ್ಕೆ ನಿಮ್ಮದು. ಕೋಳಿ ಒಯ್ಯುವ ಕೆಲಸ ಚಿಕ್ಕವಳಾಗಿದ್ದ ಸಿಸ್ಲಿಯದು. ದಾರಿಯಲ್ಲಿ ಅದು ತಪ್ಪಿಸಿಕೊಂಡರೆ ಮನೆಯವರೆಲ್ಲ ಬೀದಿಗೆ ಬೀಳುತ್ತೇವೆ ಎಂದುಕೊಂಡು ಎದೆಗೆ ಅವಚಿ ಹಿಡಿದು ಓಡುತ್ತಿದ್ದಳಂತೆ. ಇದು ಅವಳು ಹೇಳಿ ನಾನು ಕೇಳಿದ್ದು.

ಕಡಲು ದಾಟಿ ಹೊಸ ಇಂಗ್ಲೆಂಡಿನ ಈ ಕೊಲ್ಲಿಗೆ ಅವಳು ಬಂದದ್ದು ಥಾರಲ್ಡ್ ದಣಿಯ ಮನೆಗೆಲಸದ ಹುಡುಗಿಯಾಗಿ. ಗಿಲ್ಬರ್ಟ್ ಥಾರಲ್ಡ್ ಇಲ್ಲಿಗೆ ಬಂದ ಮೊದಲ ಇಂಗ್ಲಿಷ್ ವ್ಯಾಪಾರಿ. ದಡದಲ್ಲಿ ದೊಡ್ಡ ಮರದ ಮನೆ ಕಟ್ಟಿ, ತಾಮ್ರದ ಪಾತ್ರೆ, ಉಣ್ಣೆಬಟ್ಟೆ, ಕೊಡಲಿ ಕೊಟ್ಟು ನೀರುನಾಯಿಯ ತೊಗಲು ಕೊಳ್ಳುತ್ತಿದ್ದ. ತೊಗಲು ತರುತ್ತಿದ್ದವರು ನಾವು ಬರುವ ಮೊದಲಿನಿಂದ ಇಲ್ಲಿದ್ದವರು. ನಮ್ಮ ಕೊಲ್ಲಿಯ ಮಾತಿನಲ್ಲಿ ಅವರನ್ನು ಮೊದಲಿನವರು ಎಂದೇ ಕರೆಯುತ್ತಿದ್ದೆವು. ಅವರ ಮುದಿ ಒಡೆಯ ಒಂದು ಹಿಡಿ ಹುಲ್ಲುಮಣ್ಣು ಕಡಿದು, ಅದಕ್ಕೊಂದು ರೆಂಬೆ ಚುಚ್ಚಿ ಥಾರಲ್ಡನ ಕೈಗೆ ಇಟ್ಟಿದ್ದ. ಹಾಗೆ ಇಡಿಸಿಕೊಂಡವನು ಥಾರಲ್ಡನೇ. ನಮ್ಮ ಕಡೆ ನೆಲ ಕೈ ಬದಲಾಗುವುದು ಹಾಗೆ: ಮಣ್ಣು, ರೆಂಬೆ, ನಾಲ್ಕು ಜನರ ಕಣ್ಣು. ಮುದಿ ಒಡೆಯ ಅದನ್ನು ಏನೆಂದು ತಿಳಿದು ಕೊಟ್ಟ ಎಂದು ಆಗ ಯಾರೂ ಕೇಳಲಿಲ್ಲ.

ಸಿಸ್ಲಿಯ ಕರಾರಿನ ವರ್ಷಗಳು ಮುಗಿದು, ಮರ ಕೊಯ್ಯುವ ಆಮೋಸ್ ವೇರನನ್ನು ಮದುವೆಯಾದಾಗ ದಣಿ ಅವರಿಗೆ ಹೆರಿಂಗ್ ತೊರೆಯ ಬದಿಯಲ್ಲಿ ಒಂದು ಪಟ್ಟಿ ನೆಲ ಕೊಟ್ಟ. ಅವಳ ಅಂಗೈಯಲ್ಲಿ ಮಣ್ಣಿನ ಹೆಂಟೆ ಇಟ್ಟು, ಅದಕ್ಕೆ ನೀರುಬದಿಯ ವಿಲೋ ಮರದ ರೆಂಬೆ ಚುಚ್ಚಿದ. ಅದನ್ನು ಬಿಸಾಡಲು ಅವಳಿಗೆ ಧೈರ್ಯ ಸಾಲಲಿಲ್ಲ. ಬಾಗಿಲ ಪಕ್ಕದಲ್ಲಿ ಹೂತಳು. ರೆಂಬೆ ಚಿಗುರಿತು. ಈಗ ಅದು ಮನೆಯ ಮಾಡಿಗಿಂತ ಎತ್ತರ.

ನಾನೂ ನನ್ನ ಗಂಡ ಜೋನಸನೂ ತೊರೆಯ ಆಚೆ ಬದಿಯ ಪಟ್ಟಿಯಲ್ಲಿದ್ದೆವು. ಜೋನಸ್ ದಣಿಗೆ ಪೀಪಾಯಿ ಮಾಡಿಕೊಡುತ್ತಿದ್ದ.

ಸಿಸ್ಲಿ ಆ ಮನೆಗೆ ಬಂದ ಮೊದಲ ವಸಂತದಲ್ಲಿ ಹೆರಿಂಗ್ ಮೀನು ತೊರೆಗೆ ಏರಿತು. ಮೊದಲಿನವರ ಹೆಂಗಸರು ಬುಟ್ಟಿ ಹಿಡಿದು ಬಂದರು. ಅವರಲ್ಲಿ ಹಿರಿಯಳು ಅಸ್ಕೂನ, ಮುದಿ ಒಡೆಯನ ತಂಗಿ. ಅವಳು ಮೀನಿಗೆ ಹೋಗದೆ ಸಿಸ್ಲಿಯ ಬಾಗಿಲಿಗೆ ಬಂದು ಕೂತಳು. ನಾನು ಅಲ್ಲೇ ಇದ್ದೆ. ಅಸ್ಕೂನಳಿಗೆ ನಮ್ಮ ಮಾತು ಬರುತ್ತಿತ್ತು, ಆದರೆ ಒಂದೊಂದಾಗಿ ಎತ್ತಿ ಇಡುತ್ತಿದ್ದಳು.

"ಥಾರಲ್ಡ್ ಮೊದಲ್ನೇ ವರ್ಷ ಕೋಟು ಕೊಟ್ಟ. ಆಮೇಲಿನ ವರ್ಷ ಪಾತ್ರೆ ಕೊಟ್ಟ. ಆಮೇಲೆ ಏನೂ ಇಲ್ಲ. ಇಲ್ಲಿ ನಮ್ಮಮ್ಮ ಜೋಳ ಹಾಕ್ತಿದ್ಲು. ಈಗ ನೀನು ಹಾಕ್ತೀಯ. ಹಾಕು. ಏನು ಕೊಡ್ತೀಯ?"

ಸಿಸ್ಲಿಯ ಮುಖ ಬಿಳಿಚಿತು. ಹಿತ್ತಲಿಗೆ ಹೋಗಿ, ಇದ್ದುದರಲ್ಲಿ ಒಳ್ಳೆಯ ಚುಕ್ಕೆ ಹೇಂಟೆ ಹಿಡಿದು ತಂದು ಎರಡೂ ಕೈಯಲ್ಲಿ ನೀಡಿದಳು. ಅಸ್ಕೂನ ಅದರ ತಲೆಯನ್ನು ತನ್ನ ತೋಳಿನ ಕೆಳಗೆ ಸೇರಿಸಿಕೊಂಡಳು. ಕೋಳಿ ಸುಮ್ಮನಾಯಿತು. ಅವಳು ಎದ್ದು ಮೀನಿಗೆ ಹೋದಳು.

"ಯಾಕಕ್ಕ ಕೊಟ್ಟೆ?" ಎಂದು ನಾನು ಕೇಳಿದೆ.

"ನೆಲದ ಒಡತಿ ಬಾಗಿಲಿಗೆ ಬಂದು ಕೇಳ್ತಾ ಇದ್ದಾಳಲ್ಲೇ."

ದಣಿಯ ಕಿವಿಗೆ ಬಿದ್ದಾಗ ಅವನು ಹೊಟ್ಟೆ ಹಿಡಿದು ನಕ್ಕ. "ಏ ಸಿಸ್ಲಿ, ಆ ಮುದುಕೀನ ಡೆವನ್‌ನ ದೊರೆಸಾನಿ ಮಾಡಿಬಿಟ್ಯಲ್ಲೇ! ನಾನು ಕೊಂಡಾಯ್ತು, ಮುಗೀತು. ಕರುಣೆಗೆ ಕೊಡ್ತೀಯೋ, ಕೊಡು. ಗೇಣಿ ಅಂತ ಮಾತ್ರ ಕೊಡಬೇಡ."

"ಆಗ್ಲಿ ದಣಿ" ಎಂದಳು. ಮರುವರ್ಷ ಮತ್ತೆ ಕೊಟ್ಟಳು. ಅದರ ಮರುವರ್ಷವೂ ಕೊಟ್ಟಳು. ಆಮೋಸ್ ಗೊಣಗಿದ, ಅವನು ಗೊಣಗುವುದರಲ್ಲಿ ಪಳಗಿದವನು, ಆದರೆ ಹೆಂಡತಿಯ ಕೋಳಿಗೆ ಅಡ್ಡ ಬರುತ್ತಿರಲಿಲ್ಲ.

ಎರಡನೆಯ ಚಾರ್ಲ್ಸ್ ದೊರೆ ಪಟ್ಟಕ್ಕೆ ಬಂದ ಹೊಸತರಲ್ಲಿ ನಮ್ಮ ಕೊಲ್ಲಿಗೆ ಇಬ್ಬರು ಯಜಮಾನರಾದರು. ಪೂರ್ವಕ್ಕೆ ದ್ವೀಪದ ಸರ್ಕಾರ, ಪಶ್ಚಿಮಕ್ಕೆ ನದಿಯ ಸರ್ಕಾರ, ಎರಡೂ ಇಂಗ್ಲಿಷರದೇ. ನಡುವೆ ನಾವು. ದ್ವೀಪದವರು ಬಂದು, ಇದು ನಮ್ಮ ಎಲ್ಲೆಯೊಳಗಿದೆ, ನಮಗೆ ತಲೆಬಾಗಿ ಎನ್ನುವರು. ಅವರು ಹೋದ ಮೇಲೆ ನದಿಯವರು ಬಂದು ಅದನ್ನೇ ಹೇಳುವರು. ಥಾರಲ್ಡನ ನೆಲವನ್ನು ನದಿಯ ಸರ್ಕಾರ ಕ್ಯಾಪ್ಟನ್ ಲೀವರ್ ಎನ್ನುವ ತನ್ನ ಮನುಷ್ಯನಿಗೆ ಬರೆದುಕೊಟ್ಟಿದೆ ಎಂಬ ಸುದ್ದಿ ಸುಗ್ಗಿಗೆ ಮೊದಲೇ ಬಂತು. ದಣಿ, "ದ್ವೀಪದಿಂದ ಜನ ಕರ್ಕೊಂಡು ಬರ್ತೀನಿ" ಎಂದು ದೋಣಿ ಹತ್ತಿದ. ಅವನು ಹೋದ ವಾರದಲ್ಲಿ ನದಿಯವರು ಬಂದು ಆಮೋಸನನ್ನೂ ಜೋನಸನನ್ನೂ, ತಮ್ಮ ಸರ್ಕಾರಕ್ಕೆ ನಿಷ್ಠೆಯ ಪ್ರಮಾಣ ಮಾಡಲಿಲ್ಲವೆಂದು, ತಮ್ಮ ಊರಿನ ಸೆರೆಮನೆಗೆ ಒಯ್ದರು. ಸಿಸ್ಲಿಗೆ ಆಗ ದಿನ ತುಂಬುತ್ತಾ ಬಂದಿತ್ತು.

ದಣಿ ದೋಣಿ ಹತ್ತುವ ಮುನ್ನ ಸಿಸ್ಲಿ ದಡಕ್ಕೆ ಹೋಗಿ ಕೇಳಿದ್ದಳು. "ದಣಿ, ಅವರು ಬಂದು ಯಾರ ಕೆಳಗೆ ಇದೀಯ ಅಂದ್ರೆ ಏನು ಹೇಳ್ಲಿ?"

"ನನ್ನ ಕೆಳಗೆ ಅಂತ ಹೇಳು. ಇನ್ನೇನು ಹೇಳ್ತೀಯ?"

"ಹಾಗಂದ್ರೆ ಬಿಡ್ತಾರಾ?"

"ಹೇಳು ಅಂದ್ನಲ್ಲ!"

ನದಿಯವರು ಎರಡನೆಯ ಸಲ ಬಂದಾಗ ಮೊದಲು ಬಂದದ್ದು ನನ್ನ ಬಾಗಿಲಿಗೆ. ಅವರ ಕಾನ್‌ಸ್ಟೇಬಲ್ ಒಬದಾಯ ಫೆನ್. ಅವನೇನು ದೊಡ್ಡ ಮನುಷ್ಯನಲ್ಲ, ನಮ್ಮಂತೆ ಹಂದಿ ಸಾಕಿಕೊಂಡಿದ್ದವನು. ಆ ವರ್ಷ ಸರದಿ ಅವನ ತಲೆಗೆ ಬಂದಿತ್ತು. ಕೈಯಲ್ಲಿ ಅಧಿಕಾರದ ಕಪ್ಪು ಕೋಲು, ಹಿಂದೆ ಕ್ಯಾಪ್ಟನ್ ಲೀವರ್, ಇನ್ನೂ ಕೆಲವರು. ಫೆನ್ ತನ್ನ ಆಜ್ಞೆಯನ್ನು ಗಟ್ಟಿಯಾಗಿ ಓದಿದ: ಗಿಲ್ಬರ್ಟ್ ಥಾರಲ್ಡನ ಕೆಳಗಾಗಲಿ ದ್ವೀಪದವರ ಕೆಳಗಾಗಲಿ ನೆಲ ಹಿಡಿದವರನ್ನೆಲ್ಲ ಎಬ್ಬಿಸಿ, ನೆಲವನ್ನು ಕ್ಯಾಪ್ಟನ್‌ಗೆ ಒಪ್ಪಿಸತಕ್ಕದ್ದು.

"ಯಾರ ಕೆಳಗೆ ಇದೀರಮ್ಮ?"

"ಥಾರಲ್ಡ್ ದಣಿ ಕೆಳಗೆ" ಎಂದೆ. ಅದೇ ನಿಜವಾಗಿತ್ತು.

ನನ್ನನ್ನು ಹೊರಗೆ ನಿಲ್ಲಿಸಿದರು. ಒಲೆಗೆ ನೀರು ಸುರಿದರು. ಬಾಗಿಲು ಎಳೆದುಕೊಂಡು, ಹೊಸ್ತಿಲ ಮುಂದಿನ ಹುಲ್ಲುಮಣ್ಣು ಕಡಿದು, ನನ್ನ ಸೇಬುಗಿಡದ ರೆಂಬೆ ಮುರಿದು ಚುಚ್ಚಿ ಲೀವರನ ಕೈಗಿಟ್ಟರು. ಲೀವರ್ ಒಬ್ಬನೇ ಒಳಗೆ ಹೋಗಿ ಹೊಸ ಬೆಂಕಿ ಹಚ್ಚಿದ. ಹೊಗೆ ಮೇಲೆದ್ದಿತು. ಮನೆ ಅವನದಾಯಿತು. ಒಳಗೆ ಒಂದು ಜೀವ ಉಳಿದಿದ್ದರೂ, ಒಲೆ ಆರದಿದ್ದರೂ ಅದು ಆಗುತ್ತಿರಲಿಲ್ಲ. ಫೆನ್ ಅಂಥ ವಿಷಯದಲ್ಲಿ ಬಹಳ ಎಚ್ಚರದವನು; ಹೆಚ್ಚುಕಡಿಮೆ ಆದರೆ ತನ್ನ ತಲೆಗೇ ಬರುತ್ತದೆಂದು ಹೆದರುತ್ತಿದ್ದ.

"ಮಿಕ್ಕಿದ್ದಕ್ಕೆ ಮುಂದಿನ ವಾರ ಬರ್ತೀವಿ. ಬೇಜಾರು ಮಾಡ್ಕೋಬೇಡಿ ತಾಯಿ, ಹೇಳಿದ್ದು ಮಾಡೋನು ನಾನು" ಎಂದು ಹೋದ.

ನನ್ನ ಮಡಕೆಗಳನ್ನು ಎತ್ತಿಕೊಂಡು ಸಿಸ್ಲಿಯ ಮನೆ ಸೇರಿದೆ. ಅವಳು ಒಂದೇ ಮಾತು ಕೇಳಿದಳು.

"ದಣಿ ಹೆಸರು ಹೇಳಿದೆಯಾ?"

"ಹೇಳಿದೆ."

"ಆದರೂ ಎಬ್ಬಿಸಿದ್ರು."

"ಅದಕ್ಕೇ ಎಬ್ಬಿಸಿದ್ರು ಅಕ್ಕ."

ಅವಳು ಕೂತಲ್ಲೇ ಕೂತಳು. ಹಿಮ ಬೀಳುವ ಕಾಲ ಹತ್ತಿರ ಬರುತ್ತಿತ್ತು. ದಣಿಯ ಹೆಸರು ಹೇಳಿದರೆ ಮನೆ ಹೋಗುತ್ತದೆ. ದ್ವೀಪದ ಹೆಸರು ಹೇಳಿದರೂ ಹೋಗುತ್ತದೆ. ನದಿಗೆ ತಲೆಬಾಗಿದರೆ, ನದಿ ಆ ನೆಲವನ್ನು ಆಗಲೇ ಲೀವರನಿಗೆ ಕೊಟ್ಟಾಗಿದೆ. ಇದನ್ನೇ ತಿರುವಿ ತಿರುವಿ ಹೇಳುತ್ತಿದ್ದಳು. ಊಟಕ್ಕೆ ಕೂತರೆ ಜೋಳದ ಗಂಜಿ ಬಟ್ಟಲಲ್ಲೇ ಗಟ್ಟಿಯಾಗುತ್ತಿತ್ತು. ನಾಯಿ ಬೊಗಳಿದರೆ ಎದ್ದು ಒಲೆಗೆ ಬೆನ್ನು ಕೊಟ್ಟು ನಿಲ್ಲುವಳು, ಯಾರೋ ಬಕೆಟ್ಟು ಹಿಡಿದು ಬಂದ ಹಾಗೆ. ತುಂಬಿದ ಹೊಟ್ಟೆ ಹೊತ್ತು ಅವಳು ಹಾಗೆ ನಿಂತರೆ ನಾನು ಕೈ ಹಿಡಿದು ತಂದು ಕೂರಿಸುತ್ತಿದ್ದೆ.

"ಮಗು ಈ ಮನೇಲಿ ಹುಟ್ಟುತ್ತೋ ಹಿಮದಲ್ಲೋ?" ಎಂದು ಕೇಳುವಳು.

"ಮನೇಲೇ ಹುಟ್ಟುತ್ತೆ, ಸುಮ್ನಿರು" ಎನ್ನುವೆ. ನನಗೆ ಮಾತ್ರ ಏನು ಗೊತ್ತಿತ್ತು?

ನೋವು ಒಂದು ಬೆಳಗ್ಗೆ ಶುರುವಾಯಿತು. ನಾನು ಓಡಿಹೋಗಿ ಸೂಲಗಿತ್ತಿ ಪೆಟ್ರನೆಲ್ ಅಜ್ಜಿಯನ್ನು ಕರೆತಂದೆ. ಪೆಟ್ರನೆಲ್ ಅಜ್ಜಿ ಎರಡೂ ಸರ್ಕಾರದ ಮಕ್ಕಳನ್ನು ಹೆರಿಗೆ ಮಾಡಿಸಿದವಳು. ಅವಳ ಬಾಯಿಗೆ ಎರಡೂ ಸರ್ಕಾರ ಹೆದರುತ್ತಿತ್ತು. ಅಕ್ಕಪಕ್ಕದ ಹೆಂಗಸರು ಬಂದರು. ಹೆರಿಗೆಮನೆಯ ಸಿಹಿರೊಟ್ಟಿ ಒಲೆಗೆ ಹಾಕಿದೆವು, ಕಿಟಕಿ ಮುಚ್ಚಿದೆವು. ಆ ಮನೆಗೆ ಇದ್ದದ್ದು ಒಂದೇ ಕೋಣೆ.

ಬಿಸಿಲೇರುವ ಹೊತ್ತಿಗೆ ನಾಯಿ ಬೊಗಳಿತು. ಬಾಗಿಲ ಸಂದಿಯಲ್ಲಿ ನೋಡಿದೆ. ಕಪ್ಪು ಕೋಲು ಬರುತ್ತಿತ್ತು.

ಪೆಟ್ರನೆಲ್ ಅಜ್ಜಿ ತೋಳಿನ ಬಟ್ಟೆ ಮೇಲೆ ಮಡಚಿದ್ದ ಹಾಗೆಯೇ ಹೊಸ್ತಿಲಿಗೆ ಹೋದಳು. "ಏನಪ್ಪಾ ಒಬದಾಯ, ನೀನು ಯಾವಾಗಿಂದ ಸೂಲಗಿತ್ತಿ ಆದೆ?"

"ಅಜ್ಜಿ, ಸರ್ಕಾರದ ಕೆಲಸ."

"ಒಳಗೆ ನಡೀತಿರೋದು ದೇವರ ಕೆಲಸ. ಗಂಡಸು ಈ ಹೊಸ್ತಿಲು ದಾಟಿದ್ರೆ ನಿನ್ನ ಹೆಂಡ್ತಿಗೆ ಹೇಳ್ತೀನಿ. ಅವಳು ಆಮೇಲೆ ಮಾತಾಡ್ಕೋತಾಳೆ ನಿನ್ ಹತ್ರ."

ಕ್ಯಾಪ್ಟನ್ ಲೀವರ್ ಮುಂದೆ ಬಂದ. "ಕಂಬಳಿ ಸಮೇತ ಎತ್ತಿ ಹೊರಗಿಡಿ. ಎಷ್ಟೊತ್ತಿನ ಕೆಲಸ?"

"ನೀವು ಎತ್ತಿ ಕ್ಯಾಪ್ಟನ್ನೋರೆ" ಎಂದ ಫೆನ್. "ಹೆರಿಗೆ ಕೋಣೆಗೆ ನಾನು ಹೋಗಲ್ಲ. ಊರಲ್ಲಿ ಬಾಳ್ವೆ ಮಾಡ್ಬೇಕು ನಾನು."

ಲೀವರನೂ ಎತ್ತಲಿಲ್ಲ. ಅವನ ಜೊತೆ ಬಂದವರು ಬೇಲಿಗೆ ಒರಗಿ ಕೂತರು. ಒಳಗಿನ ಕೂಗು ಹೊರಗೆ ಕೇಳುತ್ತಿತ್ತು. ಅಜ್ಜಿ ಬೇಕೆಂದೇ ಸಿಹಿರೊಟ್ಟಿಯ ತುಂಡು, ಸೇಬಿನ ಕಳ್ಳು ಹೊರಗೆ ಕಳಿಸಿದಳು. ಫೆನ್ ತಿನ್ನಬೇಕೋ ಬೇಡವೋ ಎಂದು ನೋಡಿ, ಹಸಿವು ತಡೆಯದೆ ತಿಂದ. ಕೊನೆಗೆ ಮುಚ್ಚಿದ ಕಿಟಕಿಯ ಹತ್ತಿರ ಬಂದು ಬಹಳ ಮೆಲ್ಲಗೆ ಕೇಳಿದ.

"ಸಿಸ್ಲಿ ತಾಯಿ, ಕೇಳ್ದೆ ಹೋದ್ರೆ ನನ್ನ ಕೆಲಸ ಆಗಲ್ಲ. ಒಂದ್ ಮಾತು ಹೇಳಿಬಿಡಿ. ಯಾರ ಕೆಳಗೆ ಇದೀರಿ?"

ನಾನು ಅವಳ ಬೆನ್ನು ಹಿಡಿದಿದ್ದೆ. ಅವಳ ಕೂದಲು ನೆನೆದು ಹಣೆಗೆ ಅಂಟಿತ್ತು. ನಾವು ಯಾರೂ ಏನೂ ಹೇಳಿಕೊಡಲಿಲ್ಲ, ಇದನ್ನು ಸ್ಪಷ್ಟವಾಗಿ ಬರೆಯುತ್ತೇನೆ. ಅವಳು ನೋವಿನ ನಡುವೆ ಕೂಗಿದಳು:

"ಅಸ್ಕೂನ ಕೆಳಗೆ! ಅವಳಿಗೇ ಅಲ್ವಾ ನಾನು ಕೋಳಿ ಕೊಡೋದು! ವರ್ಷಾ ವರ್ಷಾ ಕೊಡ್ತೀನಿ!"

ಹೊರಗೆ ಲೀವರ್ ನಕ್ಕ. "ನೋವಿನಲ್ಲಿ ಬಡಬಡಿಸ್ತಾ ಇದ್ದಾಳೆ."

ಪೆಟ್ರನೆಲ್ ಅಜ್ಜಿಯ ಮುಖ ಬದಲಾಯಿತು. ನಮ್ಮಲ್ಲಿ ಗಂಡನಿಲ್ಲದ ಹುಡುಗಿ ಬಸಿರಾದರೆ, ಹೆರಿಗೆ ನೋವು ಜೋರಾದಾಗ ಸೂಲಗಿತ್ತಿ ಅವಳನ್ನು ಕೇಳುತ್ತಾಳೆ: ಮಗು ಯಾರದು? ಆಗ ಬಾಯಿಗೆ ಬಂದ ಹೆಸರೇ ಹೆಸರು. ಸಾವಿನ ಬಾಗಿಲಲ್ಲಿರುವ ಹೆಂಗಸು ಸುಳ್ಳು ಹೇಳುವುದಿಲ್ಲವೆಂದು ನ್ಯಾಯಸ್ಥಾನವೂ ಒಪ್ಪುತ್ತದೆ. ಅಜ್ಜಿ ಸಿಸ್ಲಿಯ ಕೈ ಹಿಡಿದು, ಆ ಹುಡುಗಿಯರನ್ನು ಕೇಳುವ ಅದೇ ಗಟ್ಟಿ ದನಿಯಲ್ಲಿ ಕೇಳಿದಳು.

"ಸಿಸ್ಲಿ ವೇರ್, ದೇವರ ಮುಂದೆ ಇದೀಯ. ಈ ನೆಲ ಯಾರದು?"

"ಅಸ್ಕೂನದು."

"ಇನ್ನೊಂದ್ ಸಲ ಹೇಳು."

"ಅಸ್ಕೂನದು ಅಜ್ಜೀ, ಅಯ್ಯೋ, ಅಸ್ಕೂನದು!"

ಅಜ್ಜಿ ಕಿಟಕಿಗೆ ಬಾಯಿ ಹಚ್ಚಿದಳು. "ಕೇಳಿಸ್ತೇನೋ ಒಬದಾಯ? ಹೋದ ವರ್ಷ ನಿನ್ನ ತಮ್ಮನ ಹೆಸರು ಒಂದು ಹುಡುಗಿ ಬಾಯಿಂದ ಬಂದಾಗ ನೀನು ಹೀಗೇ ಕಿಟಕಿ ಆಚೆ ನಿಂತಿದ್ದೆ. ಅದು ಬಡಬಡಿಕೆ ಅಂದ್ಯಾ? ತಲೆ ತಗ್ಗಿಸ್ಕೊಂಡು ಹೋಗಿ ಮದುವೆ ಮಾಡಿಸ್ದೆ. ಅದು ನಿಜ ಆದ್ರೆ ಇದೂ ನಿಜ."

ಹೊರಗೆ ಕೂತಿದ್ದವರಲ್ಲಿ ಒಬ್ಬ ಕೆಮ್ಮಿದ. ಅವನೂ ಹಾಗೆ ಮದುವೆಯಾದವನೇ ಇರಬೇಕು.

ಫೆನ್ ಆಜ್ಞೆಯನ್ನು ಬಿಚ್ಚಿ ತುಟಿ ಆಡಿಸುತ್ತಾ ಓದಿಕೊಂಡ. ಥಾರಲ್ಡನ ಕೆಳಗಿನವರು ಎಂದಿತ್ತು, ದ್ವೀಪದವರ ಕೆಳಗಿನವರು ಎಂದಿತ್ತು. ಮೊದಲಿನವರ ಕೆಳಗೆ ಒಬ್ಬ ಇಂಗ್ಲಿಷ್ ಹೆಂಗಸು ನೆಲ ಹಿಡಿದಿರಬಹುದೆಂದು ಬರೆದವರಿಗೆ ಹೊಳೆದೇ ಇರಲಿಲ್ಲ.

"ಇದರಲ್ಲಿ ಇಲ್ಲದ್ದನ್ನ ನಾನು ಮಾಡಲ್ಲ ಕ್ಯಾಪ್ಟನ್ನೋರೆ. ಮೊದ್ಲು ಆ ಮುದುಕೀನ ಕೇಳ್ಬೇಕು."

"ಕೋಳಿ ಕೇಳೋಕೆ ಹೋಗ್ತೀಯಾ?"

"ಹೋಗ್ತೀನಿ."

ಸಾಕ್ಷಿಗೆ ಒಬ್ಬರು ಬೇಕೆಂದು ಅಜ್ಜಿ ನನ್ನನ್ನು ಕಳಿಸಿದಳು. ಸಿಸ್ಲಿ ನನ್ನ ಲಂಗ ಹಿಡಿದಿದ್ದ ಬೆರಳನ್ನು ಒಂದೊಂದಾಗಿ ಬಿಡಿಸಿ ಹೊರಟೆ. ದಾರಿಯುದ್ದಕ್ಕೂ ನನಗೆ ಒಂದೇ ಭಯ. ಅಸ್ಕೂನ ಚಳಿಗಾಲದ ಕಾಡಿಗೆ ಹೊರಟುಹೋಗಿದ್ದರೆ? ಇದ್ದರೂ, "ಅದು ಸುಮ್ಮನೆ ಕೊಟ್ಟ ಕೋಳಿ" ಎಂದುಬಿಟ್ಟರೆ?

ಅಸ್ಕೂನ ಗುಡಿಸಲ ಮುಂದೆ ಚಾಪೆ ಸುತ್ತುತ್ತಿದ್ದಳು. ಹೊರಡುವ ಹವಣಿಕೆ. ಅವಳ ಸುತ್ತ ಚುಕ್ಕೆ ಕೋಳಿಗಳು ಕೆದರುತ್ತಿದ್ದವು. ಸಿಸ್ಲಿಯ ಹಿತ್ತಲಿನ ತಳಿಯೇ. ಕೊಲ್ಲಿಯಲ್ಲಿ ಬೇರೆ ಯಾರ ಹತ್ತಿರವೂ ಅಂಥ ಚುಕ್ಕೆ ಇರಲಿಲ್ಲ.

ಫೆನ್ ಟೋಪಿ ತೆಗೆದ. ಯಾಕೆ ತೆಗೆದನೋ ಅವನಿಗೇ ತಿಳಿಯದು. "ಈ ಕೋಳಿಗಳು?"

"ತೊರೆ ಹತ್ರದ ಹೆಂಗಸು ಕೊಡ್ತಾಳೆ" ಎಂದಳು ಅಸ್ಕೂನ.

"ಸುಮ್ನೆ ಕೊಡ್ತಾಳಾ?"

"ಯಾಕೆ ಸುಮ್ನೆ? ನಮ್ಮ ನೆಲದಲ್ಲಿ ಜೋಳ ಹಾಕ್ತಾಳೆ. ವರ್ಷಕ್ಕೊಂದು ಕೋಳಿ. ಒಳ್ಳೆ ಹೆಂಗಸು, ಮರೆಯಲ್ಲ." ಆಮೇಲೆ ಫೆನ್ನನ್ನು ಮೇಲಿಂದ ಕೆಳಗೆ ನೋಡಿ, ಅವನ ಹಿಂದೆ ನಿಂತಿದ್ದ ಲೀವರನನ್ನೂ ನೋಡಿ ಕೇಳಿದಳು: "ನೀವೂ ಕೋಳಿ ತಂದಿದೀರಾ?"

ವಾಪಸು ಬರುವಾಗ ತೊರೆಯ ಹತ್ತಿರ ಲೀವರ್, "ಇದನ್ನ ಇಲ್ಲಿಗೆ ಬಿಡಲ್ಲ" ಎಂದು ನನ್ನ ಮನೆಯ ಕಡೆ ತಿರುಗಿದ. ಫೆನ್ ಸಿಸ್ಲಿಯ ಬೇಲಿಯವರೆಗೆ ಬಂದು, ಒಳಗೆ ಮಗುವಿನ ಅಳು ಕೇಳಿ, ಕೋಲನ್ನು ಕಂಕುಳಿಗೆ ಸೇರಿಸಿಕೊಂಡ.

"ಗಂಡೋ ಹೆಣ್ಣೋ?"

"ಹೆಣ್ಣು!" ಎಂದು ಅಜ್ಜಿ ಒಳಗಿನಿಂದ ಕೂಗಿದಳು. "ನಿನ್ನ ಬಕೆಟ್ಟು ತಗೊಂಡು ಹೋಗು!"

ಅವಳೇ ಕೆಜಾಯ. ಒಲೆ ಉರಿಯುತ್ತಲೇ ಇತ್ತು.

ಥಾರಲ್ಡ್ ದಣಿ ಮರಳಿ ಬಂದಾಗ ಹಿಮ ಬಿದ್ದಿತ್ತು. ದ್ವೀಪದವರು ಜನ ಕೊಟ್ಟಿರಲಿಲ್ಲ, ಬರೀ ಮಾತು ಕೊಟ್ಟಿದ್ದರು. ಅವನು ಬೂಟಿನ ಹಿಮ ಕೊಡವದೆ ಒಳಗೆ ಬಂದ. ಸಿಸ್ಲಿ ಇನ್ನೂ ಬಾಣಂತಿ, ಹಾಸಿಗೆಯಲ್ಲಿದ್ದಳು.

"ಏನೇ ಮಾಡಿಬಿಟ್ಟೆ? ಗೇಣಿ ಕೊಡ್ತೀನಿ ಅಂದ್ರೆ ನಾನು ಕೊಂಡೇ ಇಲ್ಲ ಅಂತ ಆಯ್ತಲ್ಲ! ನಿನ್ನ ಒಂದು ಪಟ್ಟಿಗೆ ನನ್ನ ಇಡೀ ಕೊಲ್ಲಿ ಕಳೆದ್ಯಲ್ಲೇ! ಲೀವರ್ ಅದನ್ನೇ ಊರೂರಲ್ಲಿ ಹೇಳ್ಕೊಂಡು ಓಡಾಡ್ತಿದ್ದಾನೆ."

"ತಪ್ಪಾಯ್ತು ದಣಿ" ಎಂದಳು. ಅವನ ಮನೆಯಲ್ಲಿ ಬೆಳೆದವಳು.

"ತಪ್ಪಾಯ್ತು ಅಂದ್ರೆ ಆಯ್ತಾ? ನ್ಯಾಯಸ್ಥಾನಕ್ಕೆ ಬಂದು ಹೇಳು. ನೋವಲ್ಲಿ ಏನೋ ಬಾಯಿಗೆ ಬಂದಿದ್ದು ಅಂದೆ ಅನ್ನು. ನಿನಗೆ ಇನ್ನೊಂದು ಪಟ್ಟಿ ಕೊಡ್ತೀನಿ, ತೊರೆ ಆಚೆದು."

ಆಚೆಯದು ನನ್ನ ಪಟ್ಟಿ. ನಾನು ಅಲ್ಲೇ ಮೂಲೆಯಲ್ಲಿ ಕೂತಿದ್ದೆ. ಅವನಿಗೆ ಕಾಣಲಿಲ್ಲವೋ, ಕಂಡರೂ ಲೆಕ್ಕಕ್ಕಿಲ್ಲವೋ.

ಸಿಸ್ಲಿ ಮಗುವನ್ನು ಎದೆಗೆ ಎಳೆದುಕೊಂಡಳು. "ಆಗ ಹೇಳಿದ್ದು ಸುಳ್ಳು ಅಂತ ಈಗ ಹೇಗೆ ಹೇಳ್ಲಿ ದಣಿ? ಪೆಟ್ರನೆಲ್ ಅಜ್ಜಿ ಹಾಗೆ ಕೇಳಿದ್ದೆಲ್ಲ ಸುಳ್ಳಾಗತ್ತೆ. ಕೊಲ್ಲೀಲಿ ಎಷ್ಟು ಮಕ್ಕಳಿಗೆ ಅಪ್ಪ ಇಲ್ದೆ ಹೋಗ್ತಾರೆ ನೋಡಿ."

ದಣಿ ನನ್ನ ಕಡೆ ತಿರುಗಿದ, ಬಾಗಿಲ ಕಡೆ ತಿರುಗಿದ. "ನಿನ್ನ ಕೈಗೆ ಮಣ್ಣು ಇಟ್ಟೋನು ನಾನು" ಎಂದ.

"ಅದು ಮರೆತಿಲ್ಲ ದಣಿ. ಬಾಗಿಲಲ್ಲೇ ಚಿಗುರಿದೆ."

ಅವನು ಹೋದ ಮೇಲೆ ಅವಳು ಬಹಳ ಅತ್ತಳು. ನನ್ನ ಪಟ್ಟಿ ಬೇಡವೆಂದದ್ದಕ್ಕೆ ನಾನು ಏನೋ ಹೇಳಹೊರಟೆ. "ಬಾಯಿ ಮುಚ್ಕೊಂಡು ಕಟ್ಟಿಗೆ ಹಾಕು" ಎಂದಳು.

ಆಮೋಸನನ್ನೂ ಜೋನಸನನ್ನೂ ವಸಂತದಲ್ಲಿ ಬಿಟ್ಟರು. ಜೋನಸ್ ಸೆರೆಮನೆಯ ಕೆಮ್ಮು ಹೊತ್ತು ಬಂದ. ಅದು ಅವನನ್ನು ಬಿಡಲಿಲ್ಲ. ನಮಗೆ ಸಿಸ್ಲಿಯ ಪಟ್ಟಿಯ ತುದಿಯಲ್ಲೇ ಗುಡಿಸಲಾಯಿತು. ಜೋನಸ್ ಹೋದ ಮೇಲೂ ನಾನು ಅಲ್ಲೇ ಉಳಿದೆ. ಕೊಲ್ಲಿ ಯಾರದೆಂಬ ವ್ಯಾಜ್ಯ ನಡೆಯುತ್ತಲೇ ಇತ್ತು. ರಾಜನ ಕಡೆಯವರು ಬಂದು ಒಂದು ಹೇಳಿದರು, ಹೋದರು. ಥಾರಲ್ಡ್ ದಣಿ ಆ ಕಡೆ ಈ ಕಡೆ ದೋಣಿ ಹತ್ತಿ ಇಳಿದು, ಒಂದು ದಿನ ದೋಣಿಯಲ್ಲೇ ತೀರಿಕೊಂಡ. ಸಿಸ್ಲಿ ಅವನ ಹೆಣಕ್ಕೆ ತಾನೇ ಬಟ್ಟೆ ಹೊಲಿದಳು.

ಕೋಳಿ ಮಾತ್ರ ತಪ್ಪಲಿಲ್ಲ. ಪ್ರತಿ ವಸಂತದಲ್ಲಿ ಹೆರಿಂಗ್ ಏರಿದಾಗ ವಿಲೋ ಮರಕ್ಕೆ ಕಟ್ಟಿರುವಳು. ಅಸ್ಕೂನ ಬಂದು ಬಿಚ್ಚಿಕೊಂಡು ಹೋಗುವಳು. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಒಂದು ವರ್ಷ ಅಸ್ಕೂನ, "ಇದು ಮುದಿ ಕೋಳಿ" ಎಂದಳು. ಸಿಸ್ಲಿ ಓಡಿಹೋಗಿ ಎಳೆಯದನ್ನು ತಂದಳು. ಅಸ್ಕೂನ ಎರಡನ್ನೂ ಇಟ್ಟುಕೊಂಡು ನಕ್ಕಳು. ಅವಳು ನಕ್ಕದ್ದನ್ನು ನಾನು ಅದೊಂದೇ ಸಲ ಕಂಡದ್ದು.

ಆಮೇಲೆ ಯುದ್ಧ ಬಂತು. ನಮ್ಮವರೂ ಮೊದಲಿನವರೂ ಒಬ್ಬರನ್ನೊಬ್ಬರು ಸುಟ್ಟರು. ನಾವು ದೋಣಿಯಲ್ಲಿ ದ್ವೀಪಕ್ಕೆ ಓಡಿದೆವು. ಸಿಸ್ಲಿಯನ್ನು ಒಲೆಯಿಂದ ಎಳೆದುಕೊಂಡೇ ಹೋಗಬೇಕಾಯಿತು. ಚಳಿಗಾಲದಲ್ಲಿ ಕಾಡಿನ ಕಡೆ ನಮ್ಮ ಪಡೆಗಳು ಮಾಡಿದ್ದನ್ನು ನಾನು ಕಂಡಿಲ್ಲ, ಕೇಳಿದ್ದೇನೆ, ಬರೆಯಲಾರೆ. ಮರಳಿ ಬಂದಾಗ ಥಾರಲ್ಡನ ಮನೆ ಬೂದಿಯಾಗಿತ್ತು. ಲೀವರ್ ನನ್ನ ಮನೆಯನ್ನು ದೊಡ್ಡದು ಮಾಡಿಕೊಂಡಿದ್ದ, ಅದೂ ಬೂದಿ. ಸಿಸ್ಲಿಯ ಮನೆ ನಿಂತಿತ್ತು. ಬಾಗಿಲು ತೆರೆದಿತ್ತು, ಒಲೆ ತಣ್ಣಗಿತ್ತು, ಒಳಗಿನ ಒಂದು ಮಡಕೆಯನ್ನೂ ಯಾರೂ ಮುಟ್ಟಿರಲಿಲ್ಲ.

ಆ ವಸಂತದಲ್ಲಿ ಕೋಳಿ ಕಟ್ಟಿದಳು. ಹೆರಿಂಗ್ ಏರಿತು, ಇಳಿಯಿತು. ಯಾರೂ ಬರಲಿಲ್ಲ.

"ಬರ್ತಾಳೆ ಬಿಡು" ಎಂದ ಆಮೋಸ್.

"ಬರ್ದೇ ಇದ್ರೆ ನಾವು ಯಾರ ಕೆಳಗೆ ಇದೀವಿ?"

"ಇನ್ಯಾರು ಕೇಳ್ತಾರೆ ಮಾರಾಯ್ತಿ? ಈಗ ಎಲ್ಲ ನಮ್ಮದೇ ಅಂತಿದ್ದಾರೆ."

"ಅದಕ್ಕೇ ಭಯ" ಎಂದಳು.

ಆಮೋಸ್ ತೀರಿಕೊಂಡ ಮೇಲೂ ಪ್ರತಿ ವಸಂತ ಕಟ್ಟಿದಳು. ಮೀನು ಇಳಿದ ಮೇಲೆ ಬಿಚ್ಚಿ ಬಿಡುವಳು. ಆ ಕೋಳಿಗಳನ್ನು ಕೊಯ್ಯಲು ಮಾತ್ರ ಬಿಡಲಿಲ್ಲ. ಮುದಿಯಾಗಿ ಹಿತ್ತಲ ತುಂಬ ಓಡಾಡುತ್ತಿದ್ದವು. ಕೆಜಾಯ ನಗುವಳು: "ಅಮ್ಮನ ಗೇಣಿ ಬಾಕಿಯೆಲ್ಲ ಕಾಳು ತಿನ್ತಾ ಇದೆ."

ಈಗ ಕೊನೆಯದು. ಹೋದ ವಸಂತದಲ್ಲಿ, ಹೆರಿಂಗ್ ಏರುವ ಕಾಲದಲ್ಲಿ, ಸಿಸ್ಲಿಯೂ ನಾನೂ ಉಪ್ಪಿಗೆಂದು ದಡಕ್ಕೆ ಹೋಗಿದ್ದೆವು. ನದಿಯ ಕಡೆಯ ಒಬ್ಬ ದೊಡ್ಡ ಮನೆಯ ಹೆಂಗಸು ದೋಣಿಗೆ ಕಾಯುತ್ತಿದ್ದಳು. ಅವಳ ಗಂಟುಗಳನ್ನು ಹೊತ್ತು ಹಿಂದೆ ನಿಂತವಳು ಮೊದಲಿನವರ ತರುಣಿ. ಯುದ್ಧ ಮುಗಿದ ಮೇಲೆ ಅವರ ಮಕ್ಕಳನ್ನು ಹೀಗೆ ಮನೆಮನೆಗೆ ಆಳಾಗಿ ಹಂಚಿದ್ದರು. ಸಿಸ್ಲಿ ಅವಳನ್ನೇ ನೋಡುತ್ತಾ ನಿಂತಳು. ಆ ಗದ್ದ ನನಗೂ ಗುರುತಾಯಿತು.

ಸಿಸ್ಲಿ ಹತ್ತಿರ ಹೋಗಿ ಮೆಲ್ಲಗೆ ಅಂದಳು: "ಅಸ್ಕೂನ?"

ತರುಣಿ ತಲೆ ಎತ್ತಿದಳು. "ನಮ್ಮಮ್ಮನ ಅಮ್ಮ."

"ಇದ್ದಾಳಾ?"

ಅವಳು ಇಲ್ಲವೆಂದು ತಲೆ ಆಡಿಸಿದಳು.

ಸಿಸ್ಲಿ ತಿರುಗಿ ನಡೆದಳು. ಆ ವಯಸ್ಸಿನಲ್ಲಿ ಅಷ್ಟು ಬೇಗ ನಡೆದದ್ದನ್ನು ನಾನು ಕಂಡಿರಲಿಲ್ಲ. ಹಿಂದೆ ಹೋದೆ. ವಿಲೋ ಮರದ ಕೋಳಿಯನ್ನು ಬಿಚ್ಚಿದಳು. ಮನೆಬಾಗಿಲು ಹಾಕಿರಲಿಲ್ಲ, ಒಲೆಯ ಕಡೆ ತಿರುಗಿಯೂ ನೋಡದೆ ದಡಕ್ಕೆ ಬಂದಳು. ದೋಣಿ ಆಗಲೇ ಬಂದಿತ್ತು.

ಅವಳು ಎರಡೂ ಕೈಯಲ್ಲಿ ಕೋಳಿಯನ್ನು ತರುಣಿಯ ಕಡೆ ನೀಡಿದಳು. ದೊಡ್ಡ ಮನೆಯ ಹೆಂಗಸು ತನಗೇ ಎಂದುಕೊಂಡಳು.

"ಅಯ್ಯೋ, ಇದೆಲ್ಲ ಯಾಕಮ್ಮ! ಈ ಕಡೆ ಜನ ಎಷ್ಟು ಒಳ್ಳೆಯವರು. ರೂತ್, ಹಿಡ್ಕೊಳೇ."

ತರುಣಿ ಗಂಟುಗಳನ್ನು ದೋಣಿಯಲ್ಲಿಟ್ಟು ಕೋಳಿ ಹಿಡಿದಳು. ದೋಣಿ ಹತ್ತಿದಳು. ತಿರುಗಿ ನೋಡಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಸಿಸ್ಲಿ ನಿಂತಳು. "ನಿನ್ನ ಕಣ್ಣು ನನಗಿಂತ ಚೆನ್ನಾಗಿದೆ. ಸರಿಯಾಗಿ ಹೇಳು. ಅವಳು ಅದನ್ನ ತಗೊಂಡ್ಲಾ, ಇಲ್ಲ ಯಜಮಾನಿಗೋಸ್ಕರ ಹೊತ್ಕೊಂಡ್ಲಾ?"

ಅವಳು ಹಾಸಿಗೆ ಹಿಡಿದ ಮೇಲೂ ಇದನ್ನೇ ಕೇಳುತ್ತಿದ್ದಳು. ಪ್ರತಿ ಸಲವೂ ನಾನು ಅದನ್ನೇ ಹೇಳಿದೆ, ಒಂದು ಮಾತು ಹೆಚ್ಚಿಸಲಿಲ್ಲ, ಕಡಿಮೆ ಮಾಡಲಿಲ್ಲ. ನಾನು ಕಂಡದ್ದು ಇಷ್ಟು: ಯಜಮಾನಿ ಮುಖ ಆ ಕಡೆ ಮಾಡಿ ದೋಣಿ ಹತ್ತುತ್ತಿದ್ದಾಗ, ಆ ಹುಡುಗಿ ಕೋಳಿಯ ತಲೆಯನ್ನು ತನ್ನ ತೋಳಿನ ಕೆಳಗೆ ಸೇರಿಸಿಕೊಂಡಳು. ಕೋಳಿ ಸುಮ್ಮನಾಯಿತು.